ಗೋದಾಮಿನ ಧೂಳಿನಲ್ಲಿ ಮಂಡಿಯ ಗುರುತು

ನನ್ನ ವೀಸಾದ ಒಡೆಯ, ನಮ್ಮ ಕಫೀಲ್, ಆಫ್ರಿಕಾದಲ್ಲಿ ಬೇಟೆಯಾಡಿ ತಂದ ವಾರ್ಟ್‌ಹಾಗ್ ಹಂದಿಯ ತಲೆಯನ್ನು ಅವರಮ್ಮ ಮನೆಗೆ ಸೇರಿಸಲಿಲ್ಲ. ಹಾಗಾಗಿ ಅದು ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ನಾನು ನೋಡಿಕೊಳ್ಳುವ ಗೋದಾಮಿನ ಗೋಡೆಯೇರಿತು. ಮರುದಿನ ಬೆಳಿಗ್ಗೆ ಬೀಗ ತೆಗೆದರೆ, ಅದರ ಕೆಳಗಿನ ಧೂಳಿನಲ್ಲಿ ಎರಡು ಮಂಡಿಯ ಗುರುತು.

"ಕೆಲಸದ ಹೊತ್ತಲ್ಲಿ ಮಂಡಿಯೂರಿ ಜಪಮಾಲೆಯಾ ಮಾರಾಯಾ?" ಎಂದು ಜೊತೆಗಾರ ಮೋರಿಸ್ ನಕ್ಕ. ದಿನಾ ಗುಡಿಸಿದೆ. ದಿನಾ ಗುರುತು ನನ್ನ ಮೇಜಿನತ್ತ ಒಂದು ಗೇಣು ಸರಿದಿರುತ್ತಿತ್ತು. ಮುಟ್ಟಿದರೆ ನೆಲ ಬೆಚ್ಚಗೆ.

ಕಫೀಲ್ ಗುರುತು ನೋಡಿ ಬಿಳಿಚಿಕೊಂಡರು. "ಈ ಹಂದಿ ಮಂಡಿಯೂರಿ ಮೇಯುತ್ತೆ ಭಾಯಿ. ಹಾಗಿದ್ದಾಗಲೇ ಹೊಡೆದೆ." ಮತ್ತೆ ಅವರು ಈ ಕಡೆ ಬರಲಿಲ್ಲ.

ನಾನು ಈ ಕೆಲಸ ಬಿಟ್ಟರೆ ಇಲ್ಲಿರುವ ಪರವಾನಗಿ, ಇಕಾಮಾ ಖಲಾಸ್, ಇಲ್ಲೇ ಓದುವ ಮಗಳು ಕ್ಲಾರಿಸ್ಸಾಳ ಹತ್ತನೆಯ ತರಗತಿಯ ಪರೀಕ್ಷೆಯೂ ಖಲಾಸ್. ತಲೆಯನ್ನು ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದೆ.

ಆದರೂ ಇವತ್ತು ಗುರುತು ನನ್ನ ಕುರ್ಚಿಯ ಮುಂದಿತ್ತು. ಗುಡಿಸಿ, ಅಲ್ಲೇ ಕೂತೆ. ಕಾಲ ಕೆಳಗಿನ ನೆಲ ಸಂಜೆಯವರೆಗೂ ಬೆಚ್ಚಗಿತ್ತು.