ಲೀವೇ ಕೊಡೋಕೆ ನೀವ್ಯಾರು?

"ಸೌಪರ್ಣಿಕಾಗೆ ಸ್ವಲ್ಪ ಲೀವೇ ಕೊಡ್ತೀವಿ. ಮದುವೆ ಆದ್ಮೇಲೂ ಮೂರು ತಿಂಗಳು ಕ್ಲಾಸ್ ನಡೆಸ್ಲಿ..."

ಹೆಣ್ಣು ನೋಡಲು ಕೋಲಾರದಿಂದ ಬಂದಿದ್ದ ಆಡಿಟರ್ ಭಾರ್ಗವ್ ಹೀಗೆಂದಿದ್ದೇ ತಡ, ಕೇಸರಿಬಾತಿನ ತಟ್ಟೆ ಹಿಡಿದಿದ್ದ ಸೌಪರ್ಣಿಕಾ ಅಲ್ಲೇ ನಿಂತುಬಿಟ್ಟಳು.

ಮುಳಬಾಗಿಲಿನಲ್ಲಿ ಆರು ವರ್ಷದಿಂದ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವಳ ಮುಂದೆಯೇ ಇಂಥ ಪದ!

"ಲೀವೇ ಅಂದ್ರೆ ಏನು ಗೊತ್ತೇನ್ರೀ? ಹಡಗಿನವರ ಮಾತದು. ಗಾಳಿ ಹೊಡೆತಕ್ಕೆ ಹಡಗು ದಾರಿ ಬಿಟ್ಟು ಪಕ್ಕಕ್ಕೆ ಸರಿಯೋದು. ಈಗ ಜನ, ಸ್ವಲ್ಪ ಸಡಿಲ ಬಿಡೋದಕ್ಕೂ ಹಾಗಂತಾರೆ. ನನ್ನ ಕ್ಲಾಸು ನಾನು ಕಟ್ಟಿದ್ದು. ಸಡಿಲ ಬಿಡೋಕೆ ನೀವ್ಯಾರು?"

"ಬಾಯ್ಮುಚ್ಚೇ ಸೌಪರ್ಣಿ!" ತಾಯಿ ಅನಂತಲಕ್ಷ್ಮಿ ಹಣೆ ಚಚ್ಚಿಕೊಂಡರು.

ಅದು ಮುಚ್ಚುವ ಬಾಯೇ? ಬಂದವರು ಕಾಫಿ ಕೂಡ ಮುಟ್ಟದೆ ಎದ್ದರು. ಬಾಗಿಲಲ್ಲಿ ಭಾರ್ಗವ್ ಒಮ್ಮೆ ತಿರುಗಿ ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ...

'ಹಾಳಾದವನು, ಬೈದಾದರೂ ಹೋಗಬಾರದಿತ್ತೇ!' ಎಂದು ಅವಳಿಗೆ ಸಂಕಟವಾಯಿತು.

ಮರುದಿನ ಬೋರ್ಡಿನ ಮೇಲೆ ಅದೇ ಪದ ಬರೆದಳು. ಅವಳ ಕ್ಲಾಸಿನ ಪದ್ಧತಿ ಅದು. ದಿನಕ್ಕೊಂದು ಪದ, ಪ್ರತಿಯೊಬ್ಬರೂ ತಮ್ಮ ಬದುಕಿನದೇ ಒಂದು ಮಾತಿನಲ್ಲಿ ಅದನ್ನು ಬಳಸಬೇಕು.

ನಂಗಲಿಯ ಲಾರಿ ಡ್ರೈವರ್ ಸಾದಿಕ್ ಎದ್ದ. "ಗಾಳಿ ಜೋರಿದ್ರೆ ಖಾಲಿ ಲಾರಿ ಪಕ್ಕಕ್ಕೆ ಎಳೀತದೆ ಮೇಡಂ. ಅದಕ್ಕೇ ಲೀವೇ ಬಿಟ್ಕೊಂಡು ಓಡಿಸ್ತೀನಿ."

"ಶಭಾಷ್! ಮುಂದೆ ಯಾರು?"

"ನಾನು ಹೇಳ್ಲಾ?"

ಕೊನೇ ಬೆಂಚಿನಲ್ಲಿ ಭಾರ್ಗವ್!

"ಮದುವೆ ದಿನಾನೇ ಕ್ಲಾಸ್ ನಿಲ್ಲಿಸ್ಬೇಕು ಅಂತಿದ್ರು ನಮ್ಮಮ್ಮ. ಜಗಳ ಆಡಿ ಮೂರು ತಿಂಗಳು ಗಿಟ್ಟಿಸ್ದೆ. ದೊಡ್ಡದಾಗಿ ಗೆದ್ದೆ ಅಂತ ಬೀಗ್ತಿದ್ದೆ..." ಅವನು ತಲೆ ತಗ್ಗಿಸಿದ. "ಕ್ಲಾಸ್ ನಿಲ್ಲೋದೇ ಇಲ್ಲ ಅಂತ ನಿನ್ನೆ ಹೇಳ್ಬಿಟ್ಟೆ."

"ಅಮ್ಮ ಏನಂದ್ರು?"

"ಮಾತು ಬಿಟ್ಟಿದಾರೆ."

ಭಾರ್ಗವ್ ತಲೆಯೆತ್ತಿ ನೇರವಾಗಿ ಅವಳನ್ನೇ ನೋಡಿದ.

"ನಿಮಗೆ ಲೀವೇ ಕೊಡೋಕೆ ನಾನ್ಯಾರೂ ಅಲ್ಲ. ನೀವು ನನಗೇ ಸ್ವಲ್ಪ ಕೊಡ್ತೀರಾ? ನೀವು ಬೈದಾಗಿಂದ ಇನ್ಯಾರೂ ಬೇಡ ಅನ್ನಿಸ್ಬಿಟ್ಟಿದೆ..."

'ಕರಗಬೇಡ ಕಣೇ!' ಎಂದುಕೊಂಡಳು. ಅಷ್ಟರಲ್ಲಿ ಕರಗಿಯಾಗಿತ್ತು. ಹಾಗಂತ ಸುಮ್ಮನೆ ಒಪ್ಪಿಕೊಳ್ಳುವ ಹುಡುಗಿಯೇ?

"ಎಷ್ಟು ದಿನ? ಮೂರು ತಿಂಗಳಾದ್ಮೇಲೆ ನಿಮ್ಮನ್ನೂ ನಿಲ್ಲಿಸ್ಬಿಡ್ಲಾ?"

"ಬೇಡ ಮೇಡಂ!"

"ಹಾಗಿದ್ರೆ ಮುಂದಿನ ಬೆಂಚಿಗೆ ಬನ್ನಿ. ನಾಳೆ ತಡವಾಗಿ ಬಂದ್ರೆ ಹೊರಗೆ ನಿಲ್ಲಿಸ್ತೀನಿ."

ಅವನು ಮೆಲ್ಲಗೆ ಕೇಳಿದ. "ಮದುವೆ ಆದ್ಮೇಲೂ?"

ಅವಳ ಕಣ್ಣು ತುಂಬಿತ್ತು, ಗದ್ದ ಮಾತ್ರ ಇನ್ನೂ ಮೇಲೆಯೇ ಇತ್ತು.

"ಮದುವೆ ಆದ್ಮೇಲೂ!"