ನಕ್ಷೆಯ ನಾಲ್ಕನೆಯ ಮೂಲೆ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಟೀ ಸೋಸಿದಳು. ಅತ್ತೆಗೊಂದು ಲೋಟ, ತನಗೊಂದು. ಕೈ ಮಾತ್ರ ಮೂರನೆಯ ಲೋಟದವರೆಗೆ ಹೋಗಿ ಸುಮ್ಮನೆ ವಾಪಸ್ ಬಂತು.

ಅಳು ಬಂದಿರಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ದಿನವೂ ಬರಲಿಲ್ಲ. ನೆಂಟರು ಅವಳ ಒಣಗಿದ ಕಣ್ಣು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ತನ್ನ ಎದೆ ಕಲ್ಲಾಯಿತೇನೋ ಎಂದು ಅವಳಿಗೂ ಹೆದರಿಕೆ.

ಬೀರುವಿನ ಸಂದಿಯಲ್ಲಿ ನಿಂತಿದ್ದ ಉದ್ದನೆಯ ಸುರುಳಿ ಅತ್ತೆಯ ಕಣ್ಣಿಗೆ ಬಿತ್ತು.

"ಇದು ಮೇಷ್ಟ್ರ ನಕ್ಷೆ ಅಲ್ವೇನಮ್ಮ? ಯಾರ ಕೈಲಾದ್ರೂ ಕಳಿಸಿಬಿಡು."

"ಕಳಿಸೋ ಹಾಗಿಲ್ಲ ಅತ್ತೆ. ಪಾಠ ಒಪ್ಪಿಸಿ ಕೊಡಬೇಕು."

ಪಕ್ಕದ ಬೀದಿಯ ನಿವೃತ್ತ ಭೂಗೋಳದ ಮೇಷ್ಟ್ರು ಹಳೆಯ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಹಿಂದಿರುಗಿಸುವಾಗ ಅದರಿಂದ ಕಲಿತದ್ದೊಂದನ್ನು ಹೇಳಬೇಕು, ಅಷ್ಟೇ. ಹೇಳಲು ಅವಳ ಬಳಿ ಏನೂ ಇರಲಿಲ್ಲ. ಕೊನೆಯ ಪಾಠ ಅರ್ಧಕ್ಕೇ ನಿಂತಿತ್ತು, ನಿಲ್ಲಿಸಿದವಳೂ ಅವಳೇ.

ಅವನು ವಿದ್ಯುತ್ ಇಲಾಖೆಯ ಎಂಜಿನಿಯರ್, ಅವಳು ಓದಿದ್ದು ರಸಾಯನಶಾಸ್ತ್ರ. ಶಾಲೆಯಲ್ಲಿ ಇಬ್ಬರೂ ಇತಿಹಾಸವನ್ನು ಉರು ಹೊಡೆದು ಪಾಸಾದವರೇ. ಮದುವೆಯಾದ ಹೊಸತರಲ್ಲಿ, ಈಗಲಾದರೂ ನೆಟ್ಟಗೆ ಕಲಿಯೋಣವೆಂದು ಅವಳು ಶಿಲಾಯುಗದಿಂದ ಒಂದು ಸಿಲೆಬಸ್ ಹಾಕಿಕೊಟ್ಟಳು. ಮೂರನೆಯ ಪುಟಕ್ಕೆ ಅವನು ಪುಸ್ತಕವನ್ನು ಎದೆಯ ಮೇಲೆ ಹೊದ್ದು ಗೊರಕೆ ಹೊಡೆದ.

"ಪ್ರೊಫೆಸರ್, ಮನೇಲಿ ಲೈಟ್ ಹೋದ್ರೆ ನಾವು ಅಣೆಕಟ್ಟಿಂದ ಹುಡುಕ್ತೀವಾ? ಬಲ್ಬಿಂದ ಶುರು ಮಾಡಿ ಹಿಂದಕ್ಕೆ ಹೋಗ್ತೀವಿ" ಎಂದ ಎದ್ದ ಮೇಲೆ.

ಹಾಗೆ ಅವರ ಇತಿಹಾಸ ಅಡುಗೆಮನೆಯ ಬಲ್ಬಿನಿಂದ ಶುರುವಾಯಿತು. ಭಾನುವಾರಕ್ಕೊಂದು ಹೆಜ್ಜೆ ಹಿಂದಕ್ಕೆ. ಈ ಮನೆಗೆ ಕರೆಂಟ್ ಬಂದದ್ದು ಯಾವಾಗ, ಅದಕ್ಕೆ ಮುಂಚೆ ಬೀದಿಯಲ್ಲಿ ದೀಪ ಹಚ್ಚುತ್ತಿದ್ದವರು ಯಾರು, ಕಂಬ ನೆಟ್ಟವರು ಎಲ್ಲಿಂದ ಬಂದರು. ಒಬ್ಬರು ಪ್ರಶ್ನೆ ಹಾಕಬೇಕು, ಇನ್ನೊಬ್ಬರು ಹುಡುಕಬೇಕು. ನೆಲದ ಮೇಲೆ ನಕ್ಷೆ ಹರಡಿ ಒಂದು ಮೂಲೆಗೆ ನಿಘಂಟು, ಒಂದಕ್ಕೆ ಟಾರ್ಚ್, ಒಂದಕ್ಕೆ ಟೀ ಲೋಟ ಇಡುತ್ತಿದ್ದರು. ನಾಲ್ಕನೆಯದಕ್ಕೆ ಅವನ ಮೊಣಕಾಲು. ಅವಳು ಬಗ್ಗಿ ಹುಡುಕುತ್ತಿದ್ದರೆ ಅವನ ಕಣ್ಣು ಅವಳ ಕಿವಿಯ ಹತ್ತಿರದ ಕೂದಲ ಮೇಲೆ.

"ನಕ್ಷೆ ನೋಡಿ ಸ್ವಾಮಿ."

"ನೋಡ್ತಾನೇ ಇದೀನಲ್ಲ."

ಕೊನೆಯ ಭಾನುವಾರ ಅವನು ಕೇಳಿದ್ದು, ಅಣೆಕಟ್ಟಿಗೆ ಮುಂಚೆ ಆ ನೀರಿನ ಜಾಗದಲ್ಲಿ ಏನಿತ್ತು ಎಂದು. ಅವಳಿಗೆ ಸುಸ್ತು. ಮುಂದಿನ ವಾರ ನೋಡೋಣ, ನಕ್ಷೆ ಎಲ್ಲಿಗೆ ಓಡಿಹೋಗುತ್ತೆ ಎಂದುಬಿಟ್ಟಳು. ಬುಧವಾರ ಅವನು ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ.

ನಕ್ಷೆ ಎಲ್ಲಿಗೂ ಹೋಗಲಿಲ್ಲ.

ಟೀ ಕುಡಿದು ಅವಳು ಅದನ್ನು ನೆಲದ ಮೇಲೆ ಬಿಡಿಸಿದಳು. ನಿಘಂಟು, ಟಾರ್ಚ್, ಲೋಟ. ನಾಲ್ಕನೆಯ ಮೂಲೆ ಸುರುಳಿ ಸುತ್ತಿಕೊಂಡು ಬಂದು, ಹುಡುಕಬೇಕಾದ ಜಾಗವನ್ನೇ ಮುಚ್ಚಿತು. ಬಿಡಿಸಿದಳು. ಮತ್ತೆ ಸುತ್ತಿಕೊಂಡಿತು. ಅದರ ಮೇಲಿಡಲು ಮನೆಯಲ್ಲಿ ಬೇಕಾದಷ್ಟು ಸಾಮಾನಿತ್ತು. ಯಾವುದನ್ನೂ ಇಡಲು ಮನಸ್ಸಾಗಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಬಂದು, ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತು, ಆ ಮೂಲೆಯ ಮೇಲೆ ಅಂಗೈ ಊರಿದರು.

"ನಂಗೇನೂ ತಿಳಿಯಲ್ಲ. ನೀನು ಹೇಳು, ಕೇಳ್ತೀನಿ."

ಅವಳು ಬಲ್ಬಿನಿಂದ ಶುರು ಮಾಡಿದಳು. ಕಂಬ, ತಂತಿ, ಅಣೆಕಟ್ಟು. ನಕ್ಷೆ ಅದಕ್ಕೂ ಹಳೆಯದು. ಈಗ ನೀರು ತುಂಬಿರುವ ಕಡೆ ಅದರಲ್ಲಿ ಒಂದು ಸಣ್ಣ ಹೊಳೆ, ದಡದಲ್ಲೊಂದು ಊರು, ಬಾವಿ, ಶಾಲೆ, ಶಾಲೆಗೆ ಕಾಲುದಾರಿ.

ಅತ್ತೆ ಬಹಳ ಹೊತ್ತು ನೋಡಿದರು. "ಇವರೆಲ್ಲ ಎಲ್ಲಿಗೆ ಹೋದ್ರಮ್ಮ?"

"ಅದೇ ಮುಂದಿನ ಪಾಠ" ಎಂದಳು. ಹೇಳಿದ ಮೇಲೆ ಗೊತ್ತಾಯಿತು, ಅದು ಪ್ರತಿ ಭಾನುವಾರ ನಕ್ಷೆ ಸುತ್ತಿಡುವಾಗ ಅವನು ಹೇಳುತ್ತಿದ್ದ ಮಾತು.

ಸಂಜೆ ಅವಳು ನಕ್ಷೆ ಹಿಡಿದು ಮನೆಗೆ ಹೋದಾಗ ಮೇಷ್ಟ್ರು ಸಮಾಧಾನದ ಮಾತು ಯಾವುದನ್ನೂ ಆಡಲಿಲ್ಲ. ಕುರ್ಚಿ ಸರಿಸಿಕೊಟ್ಟು ಕೂತರು. ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮುಳುಗಿದ ಊರಿನ ಬಗ್ಗೆ ಹೇಳಿದಳು. ನಮ್ಮ ಅಡುಗೆಮನೆಯ ಬೆಳಕಿಗಾಗಿ ಯಾರದೋ ಅಡುಗೆಮನೆ ನೀರಿನಡಿ ಹೋಗಿದೆ ಎಂದಳು. ಅವರು ತಲೆಯಾಡಿಸಿದರು.

"ಇದು ನಿನ್ನ ಪಾಠ ಆಯ್ತಮ್ಮ. ತಗೊಂಡು ಹೋದವನು ಅವನಲ್ವಾ? ಅವನೇನು ಕಲಿತ?"

ಅವಳು ಸುರುಳಿಯ ಅಂಚನ್ನು ಸವರಿದಳು.

"ಅವರು ನಕ್ಷೆ ನೋಡ್ತಾನೇ ಇರಲಿಲ್ಲ ಸರ್. ಉತ್ತರ ಮೊದಲೇ ಹುಡುಕಿಟ್ಕೊಂಡು, ನಾನು ಹುಡುಕುವಾಗ ನನ್ನ ಮುಖ ನೋಡ್ತಿದ್ರು. ನಂಗೂ ಬೇಗ ಸಿಕ್ಕಿಬಿಡ್ತಿತ್ತು. ನೋಡ್ತಿರಲಿ ಅಂತ ನಿಧಾನವಾಗಿ ಹುಡುಕ್ತಿದ್ದೆ. ಇದನ್ನ ಅವರಿಗೆ ಹೇಳಲೇ ಇಲ್ಲ."

ಮೇಷ್ಟ್ರು ಎದ್ದು ಬಂದು ಅವಳ ತೊಡೆಯ ಮೇಲಿನ ನಕ್ಷೆಯನ್ನು ಮೆಲ್ಲಗೆ ತೆಗೆದುಕೊಂಡು, ಅದರ ಮೇಲೆ ಕಣ್ಣೀರು ಬೀಳದ ಹಾಗೆ ದೂರ ಇಟ್ಟರು.