ಮಾಳಿಗೆಯ ಮೇಲಿನ ಬಿಳಿಮಣ್ಣು

"ಸಾಹೇಬ್ರ, ಆ ಹೊಲದ ಮಣ್ಣ ಮಾಳಗಿ ಮ್ಯಾಲ ಹಾಕಬ್ಯಾಡ್ರಿ. ಅದರಾಗ ಹೆಣ್ಣಮಗಳ ಹೊಟ್ಟಿಉರಿ ಅದ."

ಪಕ್ಕದ ಮನೆಯ ಚಮನಬೀ ಮುದುಕಿ ಹೊಸ್ತಿಲಲ್ಲಿ ನಿಂತು ಹೀಗೆಂದದ್ದೇ ತಡ, ಬಸವಂತರಾಯ ಬಿದ್ದು ಬಿದ್ದು ನಕ್ಕ. "ಮಣ್ಣಿಗೂ ಹೊಟ್ಟಿ ಇರ್ತದೇನಮ್ಮಾ? ಉರದ್ರ ಒಂದು ಸೋಡಾ ಕುಡಸೋಣಂತ" ಎಂದ.

ಅವನ ನಗುವಿಗೆ ಅಡ್ಡ ಬರುವವರು ಯಾರು? ಕಾಲುವೆ ಆಫೀಸಿನ ಸಾಹೇಬ. ಗುಲಬರ್ಗಾದಿಂದ ಹುಣಸಗಿಗೆ ವರ್ಗವಾಗಿ ಬಂದು ಐದೇ ವರ್ಷಕ್ಕೆ ಸ್ವಂತ ಮನೆ ಕೊಂಡಿದ್ದ. ಐದು ಮನೆಗಳ ಸಾಲಿನಲ್ಲಿ ನಟ್ಟನಡುವಿನದು, ಎಲ್ಲಕ್ಕಿಂತ ವಿಶಾಲವಾದದ್ದು. ಹತ್ತು ಮಂದಿ ಕಾಲು ಚಾಚಿ ಮಲಗುವಂಥ ಪಡಸಾಲೆ, ಬೇಸಿಗೆಯಲ್ಲೂ ತಣ್ಣಗಿರುವ ಕಲ್ಲಿನ ಗೋಡೆ. ಎಡಕ್ಕೆ ಚಮನಬೀ, ಬಲಕ್ಕೆ ಬುದ್ಧನ ಪಟ ತೂಗುಹಾಕಿದ ದ್ಯಾವಪ್ಪ ಮೇಷ್ಟರು, ಅವರಾಚೆ ಕಿರಾಣಿ ಅಂಗಡಿಯ ಚನ್ನಯ್ಯ. ಎರಡು ಮನೆಗೆ ನಡುವೆ ಒಂದೇ ಗೋಡೆ, ಐದಕ್ಕೂ ಉದ್ದಕ್ಕೆ ಒಂದೇ ಮಾಳಿಗೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತಿತ್ತು. ಹನ್ನೊಂದು ವರ್ಷ ಬಾಡಿಗೆಯ ಒಂದೇ ಕೋಣೆಯಲ್ಲಿ ಬೆಂದಿದ್ದ ಹೆಂಡತಿ ಭೀಮಾಬಾಯಿ ಮೊದಲ ದಿನ ಪಡಸಾಲೆಯ ಕಂಬ ತಬ್ಬಿಕೊಂಡು ಅತ್ತಿದ್ದಳು.

ಆ ಸಾಲಿಗೆ ಒಂದು ಪದ್ಧತಿಯಿತ್ತು. ಮಳೆಗಾಲಕ್ಕೆ ಮೊದಲು ಐದೂ ಮನೆಯವರು ಕೂಡಿ, ಹಳ್ಳದ ದಂಡೆಯಿಂದ ಕರಲುಮಣ್ಣು ಹೊತ್ತು ತಂದು ಇಡೀ ಮಾಳಿಗೆಗೆ ಹಾಸುತ್ತಿದ್ದರು. ಉಪ್ಪು ಕೂಡಿದ ಆ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ಆದರೆ ಸಾಹೇಬ ಓಣಿಯವರ ಜೊತೆ ಪುಟ್ಟಿ ಹೊರುವುದುಂಟೇ? ಅದಕ್ಕಿಂತ ಬೆಳ್ಳನೆಯ, ಅದಕ್ಕಿಂತ ಉಪ್ಪಾದ ಮಣ್ಣು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಕಕ್ಕೇರಾ ದಾರಿಯಲ್ಲಿ, ಕಾಲುವೆಯ ಬುಡಕ್ಕಿದ್ದ ಕರೆಮ್ಮನ ಎರಡೆಕರೆ ಹೊಲದಲ್ಲಿ.

ಆ ಹೊಲ ಒಂದು ಕಾಲಕ್ಕೆ ಕಾಡಿಗೆಯಂಥ ಕಪ್ಪು ನೆಲ. ಕಾಲುವೆ ಬಂತು, ನೀರು ಒಸರಿ ಬಸಿ ಹತ್ತಿತು, ಉಪ್ಪು ಮೇಲೆದ್ದಿತು, ಮೂರೇ ವರ್ಷದಲ್ಲಿ ಜೋಳವೂ ಹುಟ್ಟದ ಸವಳಾಯಿತು. ನಿಂತ ನೀರು ಹರಿದುಹೋಗಲು ಬಸಿಗಾಲುವೆ ತೋಡಿಸಿಕೊಡಿ ಎಂದು ಕರೆಮ್ಮ ಅರ್ಜಿಯ ಮೇಲೆ ಅರ್ಜಿ ಕೊಟ್ಟಳು. ನೋಡಿ ಬರಲು ಹೋದವನು ಇದೇ ಬಸವಂತರಾಯ. ಅಲ್ಲಿ ಕಾಲುವೆಗೆ ಕಲ್ಲು ಹಾಸಿಸಿದ್ದೂ ಅವನೇ. ನೀರು ಬಸಿಯುತ್ತಿದೆ ಎಂದು ಬರೆದರೆ ಅವನ ಕೆಲಸದ ಬಂಡವಾಳವೇ ಬಯಲಾಗಿ ನೌಕರಿ ಹೋಗುತ್ತಿತ್ತು. ಬರೆದ: "ಬಸಿ ಇಲ್ಲ. ಸವಳು ಇಲ್ಲ. ಭೂಮಿ ಉತ್ತಮವಾಗಿದೆ." ಈಗ ಅದೇ ಹೊಲದ ಉಪ್ಪುಮಣ್ಣನ್ನು ಕೇಳದೆ ಬಳಿಸಿ ಟ್ರ್ಯಾಕ್ಟರಿನಲ್ಲಿ ತರಿಸಿದ್ದ. ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನು!

ಟ್ರ್ಯಾಕ್ಟರಿನ ಹಿಂದೆಯೇ ಕರೆಮ್ಮ ಬಂದಳು. ಉರಿಬಿಸಿಲಲ್ಲಿ ಅಷ್ಟು ದೂರ ನಡೆದಿದ್ದಳು. ತುರುಬು ಬಿಚ್ಚಿತ್ತು.

"ಏ ಸಾಹೇಬಾ! ನನ್ನ ಹೊಲದಾಗ ಸವಳ ಇಲ್ಲಂತ ಬರ್ದಿ. ಇಲ್ಲದ ಸವಳ ಟ್ರ್ಯಾಕ್ಟರ್ ತುಂಬ ಎಲ್ಲಿಂದ ತಂದ್ಯೋ?"

ಬಸವಂತರಾಯನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. "ಹುಚ್ಚಿ, ಆಚಿ ಹೋಗು" ಎಂದ.

ಅವಳು ರಾಶಿಯಿಂದ ಹಿಡಿಮಣ್ಣು ತೆಗೆದಳು. "ಸುಳ್ಳ ಹೇಳಿದ ಆ ಬಾಯಾಗ ಈ ಮಣ್ಣ ಬೀಳಲಿ. ನನ್ನ ಹೊಲ ಸತ್ತಂಗ ನಿನ್ನ ನಾಲಗಿ ಸಾಯಲಿ!" ಎಂದು ಬಾಗಿಲಿಗೆ ತೂರಿದಳು. ಚಮನಬೀ ಕಣ್ಣು ಮುಚ್ಚಿಕೊಂಡಳು. ಸಾಹೇಬ ಆಳುಗಳಿಗೆ ಮಣ್ಣು ಮೇಲೇರಿಸಲು ಹೇಳಿ ಒಳಗೆ ಹೋದ.

ಮೊದಲ ಮಳೆ ಬಿತ್ತು. ಮಾಳಿಗೆ ಒಂದು ಹನಿಯೂ ಸೋರಲಿಲ್ಲ. ಆದರೆ ಅಂದಿನಿಂದ ಮನೆಯೊಳಗೆ, ನಿಂತ ನೀರಲ್ಲಿ ಬೇರು ಕೊಳೆತಂಥ ವಾಸನೆ ಶುರುವಾಯಿತು. ಭೀಮಾಬಾಯಿ ಊದು ಹಾಕಿದಳು. ವಾಸನೆ ಊದನ್ನೇ ನುಂಗಿತು.

ಆಮೇಲೆ ಸದ್ದು. ಜಂತಿಗಳ ಸಂದಿಯಲ್ಲಿ ಸರಸರ, ಸರಸರ. ಯಾರೋ ಮೇಲೆ ಕುಳಿತು ಮೊರದಲ್ಲಿ ಕೇರುತ್ತಿದ್ದಂತೆ. ಹೊರಗೆ ಬಂದು ನೋಡಿದರೆ ಮಾಳಿಗೆಯ ಮೇಲೆ ಕಾಗೆಯೂ ಇಲ್ಲ.

ಊಟಕ್ಕೆ ಕುಳಿತರೆ ರೊಟ್ಟಿಯಲ್ಲಿ ಕರಕರ ಮಣ್ಣು. ಭೀಮಾಬಾಯಿಯ ತಾಟಿನಲ್ಲಿಲ್ಲ, ಅವನದರಲ್ಲಿ ಮಾತ್ರ. ತಾಟು ಬದಲಿಸಿದರು. ಜಾಗ ಬದಲಿಸಿದರು. ಮಣ್ಣು ಅವನ ತುತ್ತನ್ನೇ ಹುಡುಕಿಕೊಂಡು ಬಂತು. ಬೆಳಿಗ್ಗೆ ಏಳುವಷ್ಟರಲ್ಲಿ ಬಾಯಿ ಒಣಗಿ, ನಾಲಗೆಯ ಮೇಲೆ ಬೆಳ್ಳನೆಯ ಹೆಪ್ಪು ಕಟ್ಟಿರುತ್ತಿತ್ತು. ಉಗುಳಿದರೆ ಉಪ್ಪು.

"ಯಾರೋ ಮಾಟ ಮಾಡ್ಸ್ಯಾರ" ಎಂದ ಬಸವಂತರಾಯ. ಮಣ್ಣಿಗೆ ಹೊಟ್ಟೆಯಿಲ್ಲ ಎಂದು ನಕ್ಕವನು ಸುರಪುರಕ್ಕೆ ಹೋಗಿ ಮಾಟ ತೆಗೆಯುವ ಸೂಗಪ್ಪನನ್ನು ಕರೆತಂದ. ಸೂಗಪ್ಪ ನಿಂಬೆಹಣ್ಣು ಹಿಡಿದು ಪಡಸಾಲೆಯ ನಡುವೆ ನಿಂತ. ಕೈಯಲ್ಲಿದ್ದ ಹಣ್ಣು ಕಣ್ಣೆದುರಿಗೇ ಸುಕ್ಕಿತು, ಬಿಳಿಚಿತು, ಪುಡಿಯಾಗಿ ಉದುರಿತು. ಅವನು ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ ಅಂಗಳಕ್ಕೆ ಹಾರಿದ.

"ಇದು ಮಾಟ ಅಲ್ರೀ. ಮಾಟ ಆಗಿದ್ರ ತಗೀತಿದ್ದೆ. ಸುಳ್ಳ ಹೇಳಿದ ಬಾಯಿಂದಾನೇ ಖರೇ ಬರಬೇಕು. ಬ್ಯಾರೆ ದಾರಿ ಇಲ್ಲ."

"ಹೇಳಿಬಿಡ್ರೀ" ಎಂದು ಭೀಮಾಬಾಯಿ ಕೈ ಮುಗಿದಳು. ಕರೆಮ್ಮನ ಅರ್ಜಿ ಹೇಗೋ ಮೇಲಕ್ಕೆ ತಲುಪಿತ್ತು. ತನಿಖೆಗೆಂದು ದೊಡ್ಡ ಸಾಹೇಬರು ಶುಕ್ರವಾರ ಬರುವವರಿದ್ದರು, ಊಟ ಇವರ ಮನೆಯಲ್ಲೇ.

"ನೌಕರಿ ನಿಮ್ಮಪ್ಪ ಕೊಡ್ತಾನೇನು?" ಎಂದ ಗಂಡ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಅದೇ ತಪ್ಪಾಯಿತು.

ಶುಕ್ರವಾರ ಮಧ್ಯಾಹ್ನ ಮೋಡ ಕವಿದು ಪಡಸಾಲೆ ಕತ್ತಲಾಯಿತು. ದೊಡ್ಡ ಸಾಹೇಬರು ಎದುರಿಗೆ ಕುಳಿತು ರೊಟ್ಟಿ ಮುರಿದರು. "ಆ ಹೆಣ್ಣಮಗಳ ಹೊಲದಾಗ ಸವಳ ಅದ ಏನ್ರೀ, ಬಸವಂತರಾಯ?"

ಸರಸರ ನಿಂತಿತು. ಜಂತಿಗಳು ಕಿವಿಗೊಟ್ಟಂತೆ ಮನೆ ಸುಮ್ಮನಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಭೀಮಾಬಾಯಿ ಗಂಡನ ಬಾಯನ್ನೇ ನೋಡಿದಳು.

"ಇಲ್ರೀ ಸಾಹೇಬ್ರ. ಒಂದು ಚಿಟಿಕಿನೂ ಇಲ್ಲ."

ಜಂತಿ ಲಟ್ಟೆಂದಿತು. ಒಂದೇ ಜಂತಿ, ಅವನ ನೆತ್ತಿಯ ಮೇಲಿನದು. ಬಿಳಿಮಣ್ಣು ಸುರಿಯಿತು. ತಾಟು ಮುಳುಗಿತು. ಮಡಿಲು ಮುಳುಗಿತು. ಏಳಹೋದ. ಕಾಲು ಹೂತಿತ್ತು. ಕೂಗಹೋದ. ಬಾಯಿ ತೆರೆಯಿತು. ಮಣ್ಣು ಒಳಗಿಳಿಯಿತು. ತಣ್ಣಗೆ. ಉಪ್ಪಗೆ. ಎದೆವರೆಗೆ. ಕತ್ತಿನವರೆಗೆ. ದೊಡ್ಡ ಸಾಹೇಬರು ಜೀಪಿನತ್ತ ಓಡಿದರು. ಬಾಗಿಲಿಗೆ ಮಣ್ಣು ಅಡ್ಡಬಿತ್ತು. ಭೀಮಾಬಾಯಿ ನಡುಗೋಡೆಗೆ ಬಡಿದಳು. "ಚಮನಬೀ! ಚಮನಬೀ!" ಆಚೆಯಿಂದ ಹಾರೆಯ ಏಟು. ಒಂದು. ಎರಡು. ಕಲ್ಲು ಸರಿಯಿತು. ಆ ಮನೆಗೆ ಓಡಿಬಂದಿದ್ದ ದ್ಯಾವಪ್ಪ ಮೇಷ್ಟರ ಕೈ ಒಳಗೆ ಬಂತು. ಬಸವಂತರಾಯನ ತೋಳು ಸಿಕ್ಕಿತು.

ಓಣಿಯವರೇ ಎಳೆದು ಹಾಕಿದರು. ಜೀವ ಉಳಿಯಿತು. ಮಾತು ಹೋಯಿತು. ದೊಡ್ಡ ಸಾಹೇಬರು ಹೊಲದ ಕಡೆ ತಲೆ ಹಾಕಲೇ ಇಲ್ಲ. ಹಳೆಯ ವರದಿಯೇ ಕಾಯಂ ಆಯಿತು.

ಹದಿನೈದು ದಿನಕ್ಕೆ ಭೀಮಾಬಾಯಿ ಗಂಡನನ್ನು ಕರೆಮ್ಮನ ಹೊಲಕ್ಕೆ ನಡೆಸಿಕೊಂಡು ಬಂದಳು. ಅವನು ಕರೆಮ್ಮನ ಮುಂದೆ ನಿಂತು ಬಾಯಿ ತೆರೆದ. ಒಣ ಬಿಳಿಮಣ್ಣು ಗಲ್ಲದ ಮೇಲೆ ಉದುರಿತು. ಒದ್ದಾಡಿ, ಕೂತು, ಸವಳಿನ ಹೆಪ್ಪಿನ ಮೇಲೆ ಬೆರಳಿಂದ ಗೀಚಿದ. ಭೀಮಾಬಾಯಿ ಓದಿದಳು: "ಕಾಲುವೆ ಬಸಿಯುತ್ತಿದೆ. ನಾನು ಸುಳ್ಳು ಬರೆದೆ."

ಕರೆಮ್ಮನ ಮುಖ ಮೆತ್ತಗಾಗಲಿಲ್ಲ.

"ನೆಲದ ಮ್ಯಾಲ ಬರದದ್ದು ಸಂಜಿಗಿ ಗಾಳಿಗಿ ಹೋಗ್ತದ. ಸುಳ್ಳ ಬರಿಯಾಕ ಕಾಗದ ಸಿಕ್ಕಿತ್ತಲ್ಲ, ಖರೇ ಬರಿಯಾಕ ಸಿಗಂಗಿಲ್ಲೇನು?"

ಭೀಮಾಬಾಯಿ ಸೆರಗಿನಿಂದ ಮಡಿಸಿದ ಕಾಗದ ತೆಗೆದು ಅವನ ಮುಂದೆ ಹಿಡಿದಳು. ಪೆನ್ನು ಅವನ ಅಂಗಿಯ ಜೇಬಿನಲ್ಲೇ ಇತ್ತು. ಅವನು ಕಾಗದ ನೋಡಿದ. ನೌಕರಿ ನೆನಪಾಯಿತು. ರಜೆ ಮುಗಿಯಲು ಇನ್ನೂ ಒಂದು ವಾರವಿತ್ತು. ಕೈ ಜೇಬಿನ ಕಡೆ ಹೋಗಲಿಲ್ಲ.

"ಬರೀರಿ" ಎಂದಳು ಹೆಂಡತಿ.

ಅವನು ತಲೆ ತಗ್ಗಿಸಿದ. ಸುಳ್ಳು ಬರೆದ ಬಲಗೈಗೆ ಜೋಮು ಹಿಡಿಯಿತು. ಹೆಬ್ಬೆರಳಿನ ಉಗುರಿನ ಸಂದಿಯಿಂದ ಸರಸರ ಬಿಳಿಮಣ್ಣು ಉದುರತೊಡಗಿತು.